ಯೋನಿಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ: ಬಸಿರಿಗೂ ಅದಕ್ಕೂ ಏನು ನಂಟು?

ಮದುವೆಯಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಊರಿನಿಂದ ಫೋನ್ ಬರುತ್ತದೆ. "ವಿಶೇಷ ಏನಾದ್ರೂ ಉಂಟಾ?" ಡೊಂಬಿವಲಿಯಲ್ಲಿರಲಿ, ಪುಣೆಯ ಪಿಂಪ್ರಿಯಲ್ಲಿರಲಿ, ವಾಸ್ಕೋದ ಬೈನಾದಲ್ಲಿರಲಿ, ನಮ್ಮ ಹೆಣ್ಣುಮಕ್ಕಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ವಿಶೇಷ ಇಲ್ಲದೆ ಇನ್ನಷ್ಟು ದಿನ ಉರುಳಿದರೆ ಆಸ್ಪತ್ರೆಯ ಫೈಲು ಶುರುವಾಗುತ್ತದೆ. ರಕ್ತ ಪರೀಕ್ಷೆ, ಸೋನೋಗ್ರಫಿ, ಟ್ಯೂಬಿನ (ಅಂಡನಾಳದ) ಎಕ್ಸ್‌ರೇ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಹೆಸರು ಸೇರಿಕೊಂಡಿದೆ: ಮೈಕ್ರೋಬಯೋಮ್ ಟೆಸ್ಟ್. ಅದರ ಜೊತೆಗೆ ಪ್ರೊಬಯಾಟಿಕ್ ಕ್ಯಾಪ್ಸೂಲ್, "ಪಿಎಚ್ ಸರಿ ಇಡುವ" ವಾಶ್.

ದುಡ್ಡು ಕೊಡುವ ಮೊದಲು ಇದೇನು ಅಂತ ತಿಳಿದುಕೊಳ್ಳಬೇಕು. ಆದರೆ ಕೇಳುವುದು ಯಾರನ್ನು? ಮುಟ್ಟಿನ ಮಾತೇ ಮನೆಯಲ್ಲಿ ಪಿಸುಮಾತು. ಇನ್ನು ಯೋನಿಯೊಳಗಿನ ಬ್ಯಾಕ್ಟೀರಿಯಾದ ಮಾತು ಎತ್ತುವುದು ಹೇಗೆ? ಹಾಗಾಗಿ ಬುಡದಿಂದಲೇ ನೋಡೋಣ.

ಮೈಕ್ರೋಬಯೋಮ್ ಅಂದರೆ

ನಮ್ಮ ಚರ್ಮ, ಬಾಯಿ, ಕರುಳು ಎಲ್ಲೆಡೆಯೂ ಕಣ್ಣಿಗೆ ಕಾಣದ ಜೀವಿಗಳಿವೆ. ಒಂದು ಜಾಗದಲ್ಲಿ ಒಟ್ಟಿಗೆ ಬದುಕುವ ಬ್ಯಾಕ್ಟೀರಿಯಾ, ಫಂಗಸ್, ವೈರಸ್‌ಗಳ ಸಮೂಹಕ್ಕೆ ಮೈಕ್ರೋಬಯೋಮ್ ಅನ್ನುತ್ತಾರೆ. ಯೋನಿಯಲ್ಲೂ ಅಂಥದ್ದೊಂದು ಸಮೂಹ ಇದೆ. ಇದು ಕೊಳೆಯಲ್ಲ, ರೋಗವೂ ಅಲ್ಲ. ಅದು ಇಲ್ಲದಿದ್ದರೇ ತೊಂದರೆ.

ಕರುಳಿನಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾ ಇದ್ದರೆ ಆರೋಗ್ಯ ಅನ್ನುತ್ತೇವೆ. ಯೋನಿಯಲ್ಲಿ ಲೆಕ್ಕ ಉಲ್ಟಾ. ಹೆಚ್ಚಿನ ಆರೋಗ್ಯವಂತ ಹೆಂಗಸರಲ್ಲಿ ಒಂದೇ ಕುಟುಂಬದ ಬ್ಯಾಕ್ಟೀರಿಯಾ ಜಾಗವನ್ನೆಲ್ಲ ಹಿಡಿದಿರುತ್ತದೆ. ಅದರ ಹೆಸರು ಲ್ಯಾಕ್ಟೋಬ್ಯಾಸಿಲಸ್. ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್ಲೈನ್ 1892ರಷ್ಟು ಹಿಂದೆಯೇ ಯೋನಿಸ್ರಾವದಲ್ಲಿ ಈ ಕಡ್ಡಿಯಾಕಾರದ ಬ್ಯಾಕ್ಟೀರಿಯಾವನ್ನು ವಿವರಿಸಿದ್ದರು.

ಹುಳಿ ಎಲ್ಲಿಂದ ಬರುತ್ತದೆ?

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ಮಲಗುತ್ತೀರಿ. ಬೆಳಿಗ್ಗೆಗೆ ಮೊಸರು. ಹೆಪ್ಪಿನಲ್ಲಿದ್ದ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡಿತು, ಹಾಲು ಹುಳಿಯಾಯಿತು. ಹುಳಿಯಾದ ಮೊಸರು ಹಾಲಿನಷ್ಟು ಬೇಗ ಕೆಡುವುದಿಲ್ಲ, ಯಾಕೆಂದರೆ ಆ ಹುಳಿಯಲ್ಲಿ ಬೇರೆ ಕ್ರಿಮಿಗಳಿಗೆ ಬೆಳೆಯುವುದು ಕಷ್ಟ. ಯೋನಿಯಲ್ಲೂ ಹೆಚ್ಚುಕಮ್ಮಿ ಇದೇ ಕೆಲಸ ದಿನವಿಡೀ ನಡೆಯುತ್ತಿರುತ್ತದೆ.

ಇಲ್ಲಿ ಹಾಲಿನ ಸಕ್ಕರೆಯ ಬದಲು ಗ್ಲೈಕೋಜನ್ ಇದೆ. ಹೆಣ್ಣಿನ ಹಾರ್ಮೋನು ಈಸ್ಟ್ರೋಜನ್. ಅದರ ಪ್ರಭಾವದಿಂದ ಯೋನಿಯ ಒಳಪದರ ದಪ್ಪವಾಗುತ್ತದೆ, ಆ ಪದರದ ಕೋಶಗಳಲ್ಲಿ ಗ್ಲೈಕೋಜನ್ ತುಂಬಿಕೊಳ್ಳುತ್ತದೆ. ಕೋಶಗಳು ಉದುರಿದಾಗ ಅದು ಒಡೆದು ಸಣ್ಣ ಸಕ್ಕರೆಗಳಾಗುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ.

ಹುಳಿಯನ್ನು ಅಳೆಯುವ ಅಳತೆ ಪಿಎಚ್. ನೀರಿನದು 7. ಅದಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಜಾಸ್ತಿ. ಹೆರುವ ವಯಸ್ಸಿನ ಆರೋಗ್ಯವಂತ ಹೆಂಗಸಿನ ಯೋನಿಯ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ. ರಕ್ತದ ಪಿಎಚ್ ಸುಮಾರು 7.4. ಹಾಗಾಗಿ ಮುಟ್ಟಿನ ದಿನಗಳಲ್ಲಿ ಹುಳಿ ಕಡಿಮೆಯಾಗುತ್ತದೆ, ಬ್ಯಾಕ್ಟೀರಿಯಾದ ಲೆಕ್ಕವೂ ಏರುಪೇರಾಗುತ್ತದೆ. ಮುಟ್ಟು ನಿಂತ ಮೇಲೆ ತಾನಾಗಿ ಮೊದಲಿನಂತಾಗುತ್ತದೆ.

ಈಸ್ಟ್ರೋಜನ್ ಏರಿದಂತೆ, ಇಳಿದಂತೆ ಇಡೀ ಚಿತ್ರ ಬದಲಾಗುತ್ತದೆ. ಮೈನೆರೆಯುವ ಮುಂಚೆ ಹುಳಿ ಕಡಿಮೆ. ಮೈನೆರೆದ ಮೇಲೆ ಜಾಸ್ತಿ. ಬಸಿರಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಗಟ್ಟಿಯಾಗಿ ನೆಲೆಯೂರುತ್ತದೆ. ಹೆರಿಗೆಯಾದ ಕೂಡಲೇ ಈಸ್ಟ್ರೋಜನ್ ಕುಸಿದು, ಅದರ ಜೊತೆ ಇದೂ ಕುಸಿಯುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮತ್ತೆ ಇಳಿತ. ಒಂದು ದಿನದ ಒಂದು ಟೆಸ್ಟ್ ನೋಡಿ ಗಾಬರಿಯಾಗಬಾರದು ಅನ್ನುವುದು ಇದಕ್ಕೇ.

ಕ್ರಿಸ್ಪೇಟಸ್, ಐನರ್ಸ್ ಮತ್ತು ಉಳಿದವು

2011ರಲ್ಲಿ ಅಮೆರಿಕದ ವಿಜ್ಞಾನಿ ಜಾಕ್ ರಾವೆಲ್ ಮತ್ತು ಸಂಗಡಿಗರು ಉತ್ತರ ಅಮೆರಿಕದ 396 ಹೆಂಗಸರ ಯೋನಿಯ ಬ್ಯಾಕ್ಟೀರಿಯಾವನ್ನು ಡಿಎನ್‌ಎ ಮೂಲಕ ಗುರುತಿಸಿದರು. ಐದು ಗುಂಪುಗಳು ಕಂಡವು. ನಾಲ್ಕರಲ್ಲಿ ಒಂದೊಂದು ಲ್ಯಾಕ್ಟೋಬ್ಯಾಸಿಲಸ್ ಜಾತಿಯದೇ ಮೇಲುಗೈ: ಕ್ರಿಸ್ಪೇಟಸ್, ಗ್ಯಾಸರಿ, ಐನರ್ಸ್, ಜೆನ್ಸೆನಿ. ಉಳಿದ ಒಂದು ಗುಂಪಿನಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕಡಿಮೆ, ಬೇರೆ ಬೇರೆ ಬ್ಯಾಕ್ಟೀರಿಯಾ ಜಾಸ್ತಿ. ನಿಮ್ಮ ರಿಪೋರ್ಟಿನಲ್ಲಿ "ಸಿಎಸ್‌ಟಿ 1", "ಸಿಎಸ್‌ಟಿ 4" ಅಂತ ಇದ್ದರೆ ಅದು ಈ ಗುಂಪುಗಳ ನಂಬರು. ಒಂದು ಅಂದರೆ ಕ್ರಿಸ್ಪೇಟಸ್, ನಾಲ್ಕು ಅಂದರೆ ಆ ಮಿಶ್ರ ಗುಂಪು.

ಕ್ರಿಸ್ಪೇಟಸ್ ಇದ್ದವರಲ್ಲಿ ಸ್ಥಿತಿ ಸಾಮಾನ್ಯವಾಗಿ ಸ್ಥಿರ. ಐನರ್ಸ್ ಹಾಗಲ್ಲ. ಅದು ಒಳ್ಳೆಯ ಕಾಲದಲ್ಲೂ ಇರುತ್ತದೆ, ಕೆಟ್ಟ ಕಾಲದಲ್ಲೂ ಇರುತ್ತದೆ, ಕಾವಲು ಅಷ್ಟು ಬಿಗಿಯಾಗಿ ಮಾಡುವುದಿಲ್ಲ. ಇನ್ನು ಮಿಶ್ರ ಗುಂಪಿನವರೆಲ್ಲ ರೋಗಿಗಳು ಅಂದುಕೊಳ್ಳಬೇಡಿ. ರಾವೆಲ್ ಅವರ ಅಧ್ಯಯನದಲ್ಲಿದ್ದವರೆಲ್ಲ ಯಾವ ತೊಂದರೆಯ ಲಕ್ಷಣವೂ ಇಲ್ಲದ ಹೆಂಗಸರು. ಆದರೂ ಅವರಲ್ಲಿ ಸುಮಾರು ಕಾಲುಭಾಗ ಈ ಮಿಶ್ರ ಗುಂಪಿಗೆ ಸೇರಿದವರಾಗಿದ್ದರು.

ಲೆಕ್ಕ ತಪ್ಪಿದಾಗ

ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ, ಗಾರ್ಡ್ನರೆಲ್ಲಾ ಮುಂತಾದ ಬ್ಯಾಕ್ಟೀರಿಯಾ ವಿಪರೀತ ಬೆಳೆದರೆ ಆ ಸ್ಥಿತಿಗೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂದು ಹೆಸರು. ಡಾಕ್ಟರುಗಳ ಬಾಯಲ್ಲಿ ಬಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 23ರಿಂದ 29 ಮಂದಿಗೆ ಇದು ಇರುತ್ತದೆ. ಎಷ್ಟೋ ಜನರಿಗೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಗೊತ್ತಾಗುವವರಿಗೆ ಹೇಗೆ ಗೊತ್ತಾಗುತ್ತದೆ? ತೆಳ್ಳಗಿನ, ಬೂದುಬಿಳಿ ಸ್ರಾವ. ಮೀನಿನ ವಾಸನೆ, ಅದೂ ಸಂಭೋಗದ ನಂತರ ಅಥವಾ ಮುಟ್ಟಿನ ಹೊತ್ತಿಗೆ ಜಾಸ್ತಿ. ತುರಿಕೆ ಅಷ್ಟಾಗಿ ಇರುವುದಿಲ್ಲ. ತುರಿಕೆ, ಉರಿ, ಗಟ್ಟಿ ಗಟ್ಟಿ ಬಿಳಿ ಸ್ರಾವ ಇದ್ದರೆ ಅದು ಹೆಚ್ಚಾಗಿ ಫಂಗಸ್. ಅದರ ಔಷಧಿಯೇ ಬೇರೆ. ಹಳದಿ ಹಸಿರು ನೊರೆಯಂತಿದ್ದರೆ ಟ್ರೈಕೊಮೊನಾಸ್ ಎಂಬ ಲೈಂಗಿಕ ಸೋಂಕು ಇರಬಹುದು. ನಮ್ಮ ಕಡೆ ಮೂರನ್ನೂ ಸೇರಿಸಿ "ಬಿಳಿ ಸೆರಗು" ಅಂದುಬಿಡುತ್ತಾರೆ. ಮುಂಬಯಿಯ ಡಾಕ್ಟರು ಮರಾಠಿಯಲ್ಲಿ "ಪಾಂಢರಂ ಪಾಣಿ ಜಾತಂ ಕಾ?" (ಬಿಳಿ ನೀರು ಹೋಗುತ್ತದಾ?) ಅಂತ ಕೇಳಿದಾಗ ಬರೀ "ಹೋ" (ಹೌದು) ಅಂದು ಸುಮ್ಮನಾಗಬೇಡಿ. ಬಣ್ಣ, ವಾಸನೆ, ತುರಿಕೆ ಮೂರನ್ನೂ ಹೇಳಿ. ಮಾತೇ ಅರ್ಧ ಪರೀಕ್ಷೆ.

ಉಳಿದರ್ಧ ಪರೀಕ್ಷೆ ಕೂಡ ಸರಳ. ಡಾಕ್ಟರು ಸ್ರಾವವನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ಪಿಎಚ್ ಕಾಗದಕ್ಕೆ ಸವರುತ್ತಾರೆ. ಬಣ್ಣ ಬದಲಾಗುತ್ತದೆ, 4.5 ದಾಟಿದೆಯೋ ಇಲ್ಲವೋ ನೋಡುತ್ತಾರೆ. ಒಂದು ಗಾಜಿನ ಸ್ಲೈಡಿನ ಮೇಲೆ ಸ್ರಾವ ಇಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿಟ್ಟರೆ, ಬಿವಿ ಇದ್ದವರಲ್ಲಿ ಥಟ್ಟನೆ ಮೀನಿನ ವಾಸನೆ ಏಳುತ್ತದೆ. ಆ ಬ್ಯಾಕ್ಟೀರಿಯಾ ಮಾಡುವ ಅಮೈನ್‌ಗಳ ವಾಸನೆ ಅದು. ಇನ್ನೊಂದು ಸ್ಲೈಡನ್ನು ಸಲೈನ್ ಹನಿಯೊಂದಿಗೆ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ, ಯೋನಿಯ ಕೋಶಗಳ ಅಂಚೇ ಕಾಣದಷ್ಟು ದಟ್ಟವಾಗಿ ಬ್ಯಾಕ್ಟೀರಿಯಾ ಅಂಟಿಕೊಂಡಿರುತ್ತವೆ. ಅಂಥ ಕೋಶಗಳಿಗೆ ಕ್ಲೂ ಸೆಲ್ ಎಂದು ಹೆಸರು. ಸ್ರಾವದ ರೂಪ, ಪಿಎಚ್, ವಾಸನೆ, ಕ್ಲೂ ಸೆಲ್. ಈ ನಾಲ್ಕರಲ್ಲಿ ಮೂರು ಇದ್ದರೆ ಬಿವಿ. 1983ರಿಂದ ಬಳಕೆಯಲ್ಲಿರುವ ಆಮ್ಸೆಲ್ ಎಂಬ ಈ ಕ್ರಮಕ್ಕೆ ದುಬಾರಿ ಯಂತ್ರ ಬೇಡ.

ಬಸಿರಿಗೂ ಇದಕ್ಕೂ

ಇಲ್ಲೊಂದು ಸಹಜ ಅನುಮಾನ ಬರುತ್ತದೆ. ಅಷ್ಟು ಹುಳಿ ಇದ್ದರೆ ವೀರ್ಯಾಣು ಬದುಕುವುದು ಹೇಗೆ? ವೀರ್ಯಾಣುವಿಗೆ ಹುಳಿ ಆಗುವುದಿಲ್ಲ, ನಿಜ. ಆದರೆ ವೀರ್ಯದ ಪಿಎಚ್ 7.2ಕ್ಕಿಂತ ಮೇಲೆ ಇರುತ್ತದೆ. ಸಂಭೋಗದ ನಂತರ ಅದು ಕೆಲವೇ ಕ್ಷಣಗಳಲ್ಲಿ ಯೋನಿಯ ಹುಳಿಯನ್ನು ತಣಿಸುತ್ತದೆ. ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಗರ್ಭಕಂಠದ ಲೋಳೆ ತೆಳುವಾಗಿ, ಬೆರಳಿನಲ್ಲಿ ಎಳೆದರೆ ಉದ್ದಕ್ಕೆ ಬರುವಂತಾಗುತ್ತದೆ. ವೀರ್ಯಾಣು ಅದರೊಳಗೆ ಸೇರಿಕೊಂಡು ಮೇಲಕ್ಕೆ ಹೋಗುತ್ತದೆ. ಹಾಗಾಗಿ ಬಸಿರಾಗಲು ಹುಳಿ ತೆಗೆಯಬೇಕು ಅಂತ ಸೋಡಾ ನೀರಿನಲ್ಲಿ ತೊಳೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ.

ತೊಂದರೆ ಬರುವುದು ಬೇರೆ ದಾರಿಯಲ್ಲಿ. ಬಿವಿಯ ಕೆಲವು ಬ್ಯಾಕ್ಟೀರಿಯಾ ಗರ್ಭಕಂಠದ ಲೋಳೆಯನ್ನು ಕರಗಿಸುವ ಕಿಣ್ವ ಬಿಡುತ್ತವೆ. ಆ ಲೋಳೆ ಗರ್ಭಕೋಶದ ಬಾಗಿಲು. ಬಾಗಿಲು ಸಡಿಲವಾದರೆ ಕ್ರಿಮಿಗಳು ಮೇಲೇರಿ ಗರ್ಭಕೋಶದ ಒಳಪದರ ಉರಿಯೂತಕ್ಕೆ ಒಳಗಾಗಬಹುದು, ಭ್ರೂಣ ಅಂಟಿಕೊಳ್ಳಬೇಕಾದದ್ದು ಅಲ್ಲೇ. ಇನ್ನೂ ಮೇಲೆ ಹೋದರೆ ಟ್ಯೂಬು. ಜೊತೆಗೆ ಬಿವಿ ಇದ್ದವರಿಗೆ ಕ್ಲಮಿಡಿಯ, ಗೊನೊರಿಯ, ಎಚ್‌ಐವಿ ತಗುಲುವ ಅಪಾಯ ಜಾಸ್ತಿ. ಕ್ಲಮಿಡಿಯ, ಗೊನೊರಿಯ ಎರಡೂ ಟ್ಯೂಬಿನಲ್ಲಿ ಕಲೆ ಉಳಿಸಿ ಮುಚ್ಚಿಬಿಡುವ ಸೋಂಕುಗಳು. ಟ್ಯೂಬಿನ ತೊಂದರೆಯಿಂದ ಮಗುವಾಗದ ಹೆಂಗಸರಲ್ಲಿ ಬಿವಿ ಉಳಿದವರಿಗಿಂತ ಹೆಚ್ಚಾಗಿ ಕಾಣುತ್ತದೆ. ಆದರೆ ನಮ್ಮ ದೇಶದಲ್ಲಿ ಟ್ಯೂಬು ಮುಚ್ಚಲು ಟಿಬಿಯೂ ದೊಡ್ಡ ಕಾರಣ. ಎಲ್ಲವನ್ನೂ ಬಿವಿಯ ತಲೆಗೆ ಕಟ್ಟಿದರೆ ಆ ಟಿಬಿ ಪತ್ತೆಯಾಗದೆ ಉಳಿದುಬಿಡುತ್ತದೆ.

ನಂಟು ಎಷ್ಟು ಬಲವಾದದ್ದು ಅಂತ ತಿಳಿಯಲು ಸಂಶೋಧಕರು ಹೆಚ್ಚಾಗಿ ಐವಿಎಫ್ (ಟೆಸ್ಟ್ ಟ್ಯೂಬ್ ಮಗುವಿನ ಚಿಕಿತ್ಸೆ) ಮಾಡಿಸುವವರನ್ನೇ ನೋಡುತ್ತಾರೆ. ಕಾರಣ ಸರಳ: ಐವಿಎಫ್‌ನಲ್ಲಿ ಅಂಡಾಣು ಯಾವಾಗ ಹೊರಬಂತು, ಭ್ರೂಣ ಯಾವ ದಿನ ಒಳಗೆ ಹೋಯಿತು, ಎಲ್ಲಕ್ಕೂ ದಾಖಲೆ ಇರುತ್ತದೆ. ಮುಂಬಯಿಗೂ ಈ ಚಿಕಿತ್ಸೆಗೂ ಹಳೆಯ ಸಂಬಂಧ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಐವಿಎಫ್ ಮಗು ಹುಟ್ಟಿತು. ಡಾ. ಇಂದಿರಾ ಹಿಂದುಜಾ ಅವರದು ವೈದ್ಯಕೀಯ ಕೈ, ಪರೇಲ್‌ನದೇ ಸರ್ಕಾರಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದ ಕುಮಾರ್ ಅವರದು ವಿಜ್ಞಾನದ ಕೈ. ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರು 1978ರಲ್ಲೇ ಇದನ್ನು ಸಾಧಿಸಿದ್ದರು, ಮೊದಲ ಶ್ರೇಯ ಅವರಿಗೇ ಸಲ್ಲಬೇಕು ಅಂತ ಮುಂದೆ ಎತ್ತಿ ಹೇಳಿದವರೂ ಇದೇ ಆನಂದ ಕುಮಾರ್. ಆ ದೊಡ್ಡತನವನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಆ ಸಂಸ್ಥೆ ಈಗ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾಗಿ ಪರೇಲ್‌ನಲ್ಲೇ ಇದೆ.

ಇನ್ನು ಐವಿಎಫ್ ಅಧ್ಯಯನಗಳಿಗೆ ಬರೋಣ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 867 ಹೆಂಗಸರನ್ನು ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಸುಮಾರು ಕಾಲುಭಾಗದವರಿಗೆ ಬಿವಿ ಇತ್ತು. ಬಸಿರು ನಿಲ್ಲುವ ಪ್ರಮಾಣದಲ್ಲಿ ಅವರಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ ಬಸಿರಾದವರಲ್ಲಿ, ಮೊದಲ ಮೂರು ತಿಂಗಳಲ್ಲಿ ಗರ್ಭಪಾತ ಬಿವಿ ಇದ್ದವರಿಗೆ ಸುಮಾರು ಎರಡು ಪಟ್ಟು ಆಗಿತ್ತು. ಮುಂದೆ 2016ರಲ್ಲಿ ಸ್ಪೇನಿನ ತಂಡವೊಂದು ಗರ್ಭಕೋಶದ ಒಳಗಿನ ಬ್ಯಾಕ್ಟೀರಿಯಾವನ್ನೇ ಅಳೆಯಿತು. ಲ್ಯಾಕ್ಟೋಬ್ಯಾಸಿಲಸ್ ನೂರಕ್ಕೆ 90ಕ್ಕಿಂತ ಹೆಚ್ಚಿದ್ದವರಲ್ಲಿ ಭ್ರೂಣ ನಿಂತದ್ದೂ, ಮಗು ಹುಟ್ಟಿದ್ದೂ ಬಹಳ ಜಾಸ್ತಿ. ಮೈಕ್ರೋಬಯೋಮ್ ಟೆಸ್ಟುಗಳ ಮಾರಾಟಕ್ಕೆ ಬಲ ಬಂದದ್ದು ಇಂಥ ಫಲಿತಾಂಶಗಳಿಂದ. ಆದರೆ ಆ ಸ್ಪೇನಿನ ಅಧ್ಯಯನದಲ್ಲಿ ಚಿಕಿತ್ಸೆ ಪಡೆದು ಲೆಕ್ಕಕ್ಕೆ ಸಿಕ್ಕವರು ಬರೀ 35 ಹೆಂಗಸರು.

ಸರಿಪಡಿಸಿದರೆ ಮಗು ಆಗುತ್ತದಾ?

ಎರಡು ಸಂಗತಿ ಜೊತೆಯಲ್ಲಿ ಕಂಡವು ಅಂದಮಾತ್ರಕ್ಕೆ ಒಂದನ್ನು ಸರಿಮಾಡಿದರೆ ಇನ್ನೊಂದು ಸರಿಹೋಗುತ್ತದೆ ಅನ್ನಲಾಗದು. ಅದನ್ನು ಪ್ರಯೋಗ ಮಾಡಿಯೇ ನೋಡಬೇಕು. ಡೆನ್ಮಾರ್ಕಿನ ಸಂಶೋಧಕರು ನೋಡಿದರು. ಐವಿಎಫ್‌ಗೆ ಬಂದವರಲ್ಲಿ ಯೋನಿಯ ಬ್ಯಾಕ್ಟೀರಿಯಾ ಏರುಪೇರಾಗಿದ್ದವರಿಗೆ ಕೆಲವರಿಗೆ ಕ್ಲಿಂಡಮೈಸಿನ್ ಎಂಬ ಆ್ಯಂಟಿಬಯಾಟಿಕ್, ಕೆಲವರಿಗೆ ಅದರ ಜೊತೆಗೆ ಜೀವಂತ ಕ್ರಿಸ್ಪೇಟಸ್, ಕೆಲವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟರು. ಬಸಿರು ನಿಂತ ಪ್ರಮಾಣದಲ್ಲಿ ಮೂರು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ.

ಬಸಿರಿನಲ್ಲೂ ಇಂಥದ್ದೇ ಅನುಭವ. ಬಿವಿ ಇದ್ದ ಬಸುರಿಯರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಜಾಸ್ತಿ ಎಂಬುದು ಗೊತ್ತಿರುವ ವಿಷಯ. ಹಾಗಾದರೆ ಎಲ್ಲ ಬಸುರಿಯರನ್ನೂ ಪರೀಕ್ಷಿಸಿ ಔಷಧಿ ಕೊಟ್ಟುಬಿಟ್ಟರೆ? ಫ್ರಾನ್ಸಿನಲ್ಲಿ ಬೇರೆ ಅಪಾಯವಿಲ್ಲದ ಬಸುರಿಯರಿಗೆ ಹಾಗೆ ಕೊಟ್ಟು ನೋಡಿದರು. 2018ರಲ್ಲಿ ಫಲಿತಾಂಶ ಬಂತು: ತೀರಾ ಬೇಗನೆ ಆಗುವ ಹೆರಿಗೆ ಅದರಿಂದ ಕಡಿಮೆಯಾಗಲಿಲ್ಲ. ವಾಸನೆ, ಸ್ರಾವದ ತೊಂದರೆ ಇರುವ ಬಸುರಿಗೆ ಚಿಕಿತ್ಸೆ ಕೊಡಲೇಬೇಕು, ಅದು ಬೇರೆ ಮಾತು.

ಹಾಗಾಗಿ ಲಕ್ಷಣಗಳಿದ್ದರೆ ಮೊದಲು ಆ ಸಾದಾ ಸ್ಲೈಡ್ ಪರೀಕ್ಷೆ ಮಾಡಿಸಿ. ಬಿವಿ ಇದ್ದರೆ ಗುಣಪಡಿಸಿಕೊಳ್ಳಿ. ಏನೂ ತೊಂದರೆ ಇಲ್ಲದವರಿಗೆ ಸಾವಿರಾರು ರೂಪಾಯಿಯ ಮೈಕ್ರೋಬಯೋಮ್ ಡಿಎನ್‌ಎ ಟೆಸ್ಟ್ ಬರೆದುಕೊಟ್ಟರೆ ಒಂದೇ ಪ್ರಶ್ನೆ ಕೇಳಿ: "ಇದರ ರಿಪೋರ್ಟ್ ಬಂದ ಮೇಲೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳದೆ ಉತ್ತರ ಹೇಳುತ್ತಾರೆ.

ಮೊಸರು, ಕ್ಯಾಪ್ಸೂಲ್, ವಾಶ್

ಮೊಸರಿನ ಮಾತು ಎತ್ತಿದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಮೊಸರು ತಿನ್ನಿ, ಒಳ್ಳೆಯದೇ. ಆದರೆ ಮೊಸರು ಮಾಡುವ ಜಾತಿಗಳು ಯೋನಿಯಲ್ಲಿ ನೆಲೆಸುವ ಜಾತಿಗಳಲ್ಲ. ಮೊಸರು ತಿಂದರೆ ಬಿವಿ ಹೋಗುತ್ತದೆ ಅನ್ನುವುದಕ್ಕೆ ಆಧಾರ ಸಾಲದು. ಯೋನಿಗೆ ಮೊಸರು ಹಚ್ಚುವುದಂತೂ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್ ಕ್ಯಾಪ್ಸೂಲುಗಳ ಕತೆಯೂ ಹೆಚ್ಚುಕಮ್ಮಿ ಇದೇ. ಯೋನಿಯದೇ ಜಾತಿಯನ್ನು ಯೋನಿಯೊಳಗೇ ಇಡುವ ಔಷಧಿಯ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. ಆ್ಯಂಟಿಬಯಾಟಿಕ್ ಮುಗಿಸಿದ 228 ಹೆಂಗಸರಲ್ಲಿ ಕ್ರಿಸ್ಪೇಟಸ್ ಪಡೆದವರಿಗೆ 12 ವಾರದೊಳಗೆ ಬಿವಿ ಮರಳಿದ್ದು ನೂರಕ್ಕೆ 30, ಪಡೆಯದವರಿಗೆ 45. ಇದು 2020ರ ಫಲಿತಾಂಶ. ಆಸೆ ಹುಟ್ಟಿಸುತ್ತದೆ, ಆದರೆ ಅಂಗಡಿಯ ಕ್ಯಾಪ್ಸೂಲು ಇದಲ್ಲ.

ತೊಳೆಯುವ ವಿಷಯದಲ್ಲಿ ಮಾತ್ರ ಸ್ಪಷ್ಟತೆ ಇದೆ. ಯೋನಿಯ ಒಳಗೆ ನೀರು, ಸೋಪು, ಡೆಟ್ಟಾಲ್, ವಾಶ್ ಏನೂ ಹಾಕಬಾರದು. ಒಳಗೆ ತೊಳೆಯುವ ಅಭ್ಯಾಸ ಇರುವವರಲ್ಲಿ ಬಿವಿ ಜಾಸ್ತಿ. ಹೊರಭಾಗಕ್ಕೆ ಸಾದಾ ನೀರು ಸಾಕು. ಮುಂಬಯಿ ಲೋಕಲ್ ರೈಲಿನಲ್ಲಿ ಕಲ್ಯಾಣಿನಿಂದ ಸಿಎಸ್‌ಎಂಟಿಯವರೆಗೆ ಬೆವರಿನಲ್ಲಿ ನಿಂತು ಬಂದ ದಿನ "ಗಲೀಜು" ಅನ್ನಿಸುವುದು ಸಹಜ. ಆದರೆ ಅದು ಹೊರಗಿನ ಚರ್ಮದ ಬೆವರು. ಒಳಗೆ ಸ್ವಚ್ಛ ಮಾಡುವ ಕೆಲಸ ಆ ಬ್ಯಾಕ್ಟೀರಿಯಾದ್ದೇ.

ಔಷಧಿ, ಮತ್ತು ಗಂಡನ ಪಾಲು

ಬಿವಿಗೆ ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಏಳು ದಿನ ಕೊಡುತ್ತಾರೆ, ಇಲ್ಲವೇ ಕ್ಲಿಂಡಮೈಸಿನ್. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ (ಲೈಂಗಿಕ ಸೋಂಕುಗಳ ವಿಭಾಗ) ಯೋನಿಸ್ರಾವದ ತೊಂದರೆಗೆ ಹಸಿರು ಬಣ್ಣದ ಕಿಟ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾಕ್ಕೆ ಸೆಕ್ನಿಡಜೋಲ್, ಫಂಗಸ್‌ಗೆ ಫ್ಲೂಕೊನಜೋಲ್ ಇರುತ್ತವೆ. ಬಸಿರು ಇರಬಹುದು ಅನ್ನಿಸಿದರೆ ಮಾತ್ರೆ ನುಂಗುವ ಮೊದಲೇ ಹೇಳಿ.

ಬೇಸರದ ಸಂಗತಿ ಎಂದರೆ ಬಿವಿ ಮರಳಿ ಬರುತ್ತದೆ, ಅರ್ಧಕ್ಕಿಂತ ಹೆಚ್ಚು ಜನರಿಗೆ ವರ್ಷದೊಳಗೇ. ಎಷ್ಟೋ ಹೆಂಗಸರು ಅದು ತಮ್ಮ ಸ್ವಚ್ಛತೆಯ ತಪ್ಪು ಅಂದುಕೊಂಡು ಇನ್ನೂ ಜಾಸ್ತಿ ತೊಳೆಯುತ್ತಾರೆ. ತಪ್ಪು ಅವರದಲ್ಲ. 2025ರಲ್ಲಿ ಪ್ರಕಟವಾದ ಮೆಲ್ಬರ್ನ್ ತಂಡದ ಪ್ರಯೋಗ ಇದಕ್ಕೆ ಒಂದು ಕಾರಣ ತೋರಿಸಿದೆ. ಹೆಂಡತಿಗಷ್ಟೇ ಔಷಧಿ ಕೊಟ್ಟ ಗುಂಪಿನಲ್ಲಿ 12 ವಾರದೊಳಗೆ ನೂರಕ್ಕೆ 63 ಮಂದಿಗೆ ಬಿವಿ ಮರಳಿತು. ಗಂಡನಿಗೂ ಏಳು ದಿನ ಮಾತ್ರೆ ಮತ್ತು ಹಚ್ಚುವ ಕ್ರೀಮ್ ಕೊಟ್ಟ ಗುಂಪಿನಲ್ಲಿ 35. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಅಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಬಿವಿ ಪದೇ ಪದೇ ಬರುತ್ತಿದ್ದರೆ ಗಂಡನನ್ನೂ ಕರೆದುಕೊಂಡು ಹೋಗಿ ಈ ಬಗ್ಗೆ ಡಾಕ್ಟರ ಹತ್ತಿರ ಕೇಳುವುದರಲ್ಲಿ ತಪ್ಪೇನಿಲ್ಲ.

ಮಗುವಿನ ವಿಷಯಕ್ಕೂ ಇದು ಅನ್ವಯಿಸುತ್ತದೆ. ಒಂದು ವರ್ಷ ಪ್ರಯತ್ನಿಸಿಯೂ ಬಸಿರು ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಡಾಕ್ಟರನ್ನು ಕಾಣಬೇಕು. ಇಬ್ಬರೂ ಹೋಗಬೇಕು. ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸಂಭೋಗವಿಲ್ಲದೆ ಇದ್ದು ಮಾದರಿ ಕೊಟ್ಟರೆ ಆಯಿತು. ಹೆಂಡತಿಯ ಟ್ಯೂಬಿನ ಎಕ್ಸ್‌ರೇಗೆ ದಿನ ಗೊತ್ತುಮಾಡುವ ಮೊದಲೇ ಅದನ್ನು ಮುಗಿಸಿಕೊಳ್ಳಬಹುದು, ಅಲ್ವಾ?